ಕಾಶಿಯಲ್ಲಿ ಬಿಟ್ಟ ಚಹಾ

ಕಾಶಿಗೆ ಹೋದವರು ತಿನ್ನುವ ಇಲ್ಲವೆ ಕುಡಿಯುವ, ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿಯೇ ಬಿಟ್ಟು ಬರಬೇಕು. ಬದುಕಿರುವವರೆಗೆ ಮತ್ತೆ ಮುಟ್ಟಬಾರದು. ನಾಲಿಗೆಯನ್ನು ಗೆದ್ದರೆ ಉಳಿದ ಇಂದ್ರಿಯಗಳು ತಾವಾಗಿ ಮಣಿಯುತ್ತವೆ ಎಂಬುದು ನಂಬಿಕೆ. ಅರವತ್ತರ ದಶಕದ ಆರಂಭದಲ್ಲಿ ನನ್ನ ತಂದೆ ತಾಯಿ ಧಾರವಾಡದಿಂದ ಕಾಶಿಗೆ ಹೋಗಿ ಬಂದರು. ತಂದೆ ಪಡವಲಕಾಯಿ ಬಿಟ್ಟಿದ್ದರು. ಅವರು ಅದನ್ನು ತಿಂದದ್ದನ್ನು ನಾನೆಂದೂ ನೋಡಿರಲಿಲ್ಲ. ತಾಯಿ ಚಹಾ ಬಿಟ್ಟಿದ್ದಳು. ಬಿಟ್ಟಿದ್ದಳು ಎನ್ನುವುದು ತಪ್ಪು. ಗಂಗೆಯಲ್ಲಿ ನಿಂತು ಸಂಕಲ್ಪ ಮಾಡುವಾಗ ಆಕೆಯ ಪರವಾಗಿ ಚಹಾ ಎಂದು ಹೇಳಿದವರು ತಂದೆ.

ಎಲ್ಲರ ಊಟ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ಒಂದು ಲೋಟ ಚಹಾ ಕುಡಿಯುವುದು ಆಕೆಯ ರೂಢಿ. ದಿನದಲ್ಲಿ ಆಕೆ ಕೂರುತ್ತಿದ್ದುದು ಆಗ ಮಾತ್ರ. ಚಹಾ ಹೋದ ಮೇಲೆ ಕೂರುವ ನೆಪವೂ ಹೋಯಿತು.

ತಂದೆಯ ಚಹಾ ಎರಡು ಹೊತ್ತೂ ತಪ್ಪಲಿಲ್ಲ. ಮಾಡುವವಳು ತಾಯಿಯೇ.

“ಸಕ್ರಿ ಕಡಿಮಿ ಆಗೇದಲ್ಲ,” ಎನ್ನುತ್ತಿದ್ದರು ತಂದೆ.

“ನಾ ರುಚಿ ನೋಡೂ ಹಂಗಿಲ್ಲಲ್ರಿ.”

ಒಂದು ಸಂಜೆ ಜಗಲಿಯಲ್ಲಿ ಓಣಿಯ ಹಿರಿಯರು ಸೇರಿದ್ದರು. ತಂದೆ ಸಂಯಮದ ಬಗ್ಗೆ ಹೇಳುತ್ತಿದ್ದರು. “ಇಂದ್ರಿಯ ಅಂದ್ರ ಕುದುರಿ ಇದ್ದಂಗ. ಲಗಾಮು ಬಿಗಿ ಹಿಡೀಬೇಕು. ನಮ್ಮನ್ಯಾಗ ನೋಡ್ರಿ, ಚಹಾಕ್ಕ ಜೀವಾ ಬಿಡತಿದ್ಲು. ಈಗ ಹೆಸರ ಎತ್ತೂದಿಲ್ಲ.”

ಚಹಾ ತಂದ ತಾಯಿ ಬಾಗಿಲಲ್ಲೇ ನಿಂತಿದ್ದಳು. “ಕುದುರಿ ನಂದು, ಲಗಾಮು ನಿಮ್ಮ ಕೈಯಾಗ. ಪುಣ್ಯ ಯಾರಿಗ್ರಿ?”

“ಸಿಕ್ಕೊಂಡ್ರಿ ನೋಡ್ರಿ ರಾಯರ! ಉತ್ತರಾ ಕೊಟ್ಟು ಚಹಾ ಕುಡೀರಿ,” ಎಂದರು ಪಕ್ಕದ ಮನೆಯವರು. ಎಲ್ಲರೂ ನಕ್ಕರು. ತಂದೆಯೂ ನಕ್ಕರು. ಲೋಟ ಎತ್ತಿ ಚಹಾ ಕುಡಿದರು.

ಆ ದಶಕ ಮುಗಿಯುವ ಮುನ್ನ ತಂದೆ ತೀರಿಕೊಂಡರು. ಹದಿಮೂರು ದಿನದ ಕ್ರಿಯೆಗಳು ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನೇ ಚಹಾ ಮಾಡಿ ತಾಯಿಯ ಮುಂದಿಟ್ಟೆ.

“ಕುಡಿ ಅವ್ವಾ. ಇನ್ನ ಯಾರ ಕೇಳವ್ರು?”

ಆಕೆ ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದಳು. ವಾಸನೆ ನೋಡಿ ಕೆಳಗಿಟ್ಟಳು.

“ಈಗ ಕುಡದ್ರ, ಇಷ್ಟ ದಿನಾ ಅವರ ಅಂಜಿಕಿಗೆ ಬಿಟ್ಟಿದ್ದೆ ಅಂತಾಗತದ.”

“ಅದು ಖರೇನ ಅಲ್ಲೇನು?”

“ಖರೇ ಅದ. ಅದಕ್ಕ ಒಲ್ಲೆ.”

ಮಾಸಿಕಕ್ಕೆ ಬಂದ ನೆಂಟರು ಆಕೆಯ ಇಂದ್ರಿಯನಿಗ್ರಹವನ್ನು ಬಾಯಿತುಂಬ ಹೊಗಳಿದರು. ಆಕೆ ಅವರಿಗೆಲ್ಲ ಚಹಾ ಮಾಡಿ ಕೊಟ್ಟಳು.