ಆಯುಧಪೂಜೆ ಮಾಡಿಸಿಕೊಂಡು ಬಂದ ಕಂಪ್ಯೂಟರು

ಹನ್ನೆರಡು ದಿನದ ಮಟ್ಟಿಗೆಂದು ನನ್ನ ಕಂಪ್ಯೂಟರನ್ನು ಕೇಳಿ ಪಡೆದವರು, ನನ್ನ ಅನುಮತಿ ಇಲ್ಲದೆ ಅದರೊಳಗಿನ ಆಪರೇಟಿಂಗ್ ಸಿಸ್ಟಮನ್ನು ಅಳಿಸಿ, ಅದಕ್ಕೆ ಹೊಂದದ ಇನ್ನೊಂದನ್ನು ಅರ್ಧಂಬರ್ಧ ಹಾಕಿಸಿ, ಬೆನ್ನಿಗಿದ್ದ ಒಂದು ಚಿಕ್ಕ ಬೀಗವನ್ನು ಕಳೆದು, ಐವತ್ತೊಂದನೆಯ ದಿನ ನನಗೆ ಹಿಂದಿರುಗಿಸಿದರು. ಹಿಂದಿರುಗಿಸುವಾಗ ಶಾಲು ಹೊದಿಸಿದರು. ನನಗಾದ ಅನ್ಯಾಯ ಇದು. ಇದನ್ನು ಮೊದಲಿಗೇ ಬರೆದಿಡಲು ಕಾರಣವಿದೆ: ಪಾಂಡವಪುರದಲ್ಲಿ ಈಗ ಇದೇ ಸಂಗತಿಯನ್ನು, "ಸಾರ್‌ಗೆ ವಯಸ್ಸಾಯ್ತು, ಹಳೇ ಡಬ್ಬ ಒಂದಕ್ಕೆ ರಾಂಗ್ ಆಗವ್ರೆ," ಎಂಬ ರೂಪದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ.

ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು. ಸರ್ಕಾರದ ಕಾಗದದಲ್ಲಿ ಜಮೀನಿಗೆ ನಂಬರು ಮಾತ್ರ ಇರುತ್ತದೆ. ಜನರ ಬಾಯಲ್ಲಿ ಹೆಸರಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಗಮಂಗಲದ ಕಡೆಯ ಒಂದು ಬೆದ್ದಲಿನಲ್ಲಿ ಸರಪಳಿ ಹಾಸುತ್ತಿದ್ದಾಗ, ಹೊಲದ ಒಡತಿಯಾದ ಮುದುಕಿ ನನ್ನ ಪುಸ್ತಕದೊಳಕ್ಕೆ ಇಣುಕಿ, "ನಂಬ್ರು ಕಟ್ಕೊಂಡು ಏನ್ ಮಾಡೀಯೆ ಕಣಪ್ಪ? ಇದು ಮೊಲ ತಪ್ಪಿದ ತಾಕು. ಅಂಗಂತ ಬರ್ಕೊ," ಎಂದಳು. ಬರೆದುಕೊಂಡೆ. ಅಂದಿನಿಂದ ನಿವೃತ್ತಿಯ ದಿನದವರೆಗೆ, ಅಳೆದ ಪ್ರತಿಯೊಂದು ಹೊಲದ, ಗದ್ದೆಯ, ತೆವರಿನ ಹೆಸರನ್ನು ಕೇಳಿ ಬರೆದೆ. ಅತ್ತೆ ಮುನಿದ ಪಟ್ಟೆ. ಶೀಳನೆರೆ ಹೋಬಳಿಯ ಉಪ್ಪು ಸುರಿದ ತೆವರು. ಮೇಲುಕೋಟೆಯ ತಪ್ಪಲಿನಲ್ಲಿ ಗಂಟೆ ಕೇಳದ ಹೊಲ. ಈ ಹೆಸರುಗಳನ್ನು ಹೇಳಿದವರಲ್ಲಿ ಬಹುಪಾಲು ಮಂದಿ ಈಗಿಲ್ಲ. ಹೊಲಗಳೂ ಹಲವು ಕಡೆ ನಿವೇಶನಗಳಾಗಿ, ಮತ್ತೆ ನಂಬರುಗಳಾಗಿವೆ.

ನಿವೃತ್ತಿಗೆ ಮೊದಲೇ ಕಂಪ್ಯೂಟರು ಕೊಂಡು ಎಲ್ಲವನ್ನೂ ನಾನೇ ಬೆರಳಚ್ಚಿಸಿದೆ. ಮೂಲದ ಪುಸ್ತಕಗಳನ್ನು ಅಟ್ಟದ ಮೇಲಿಟ್ಟು ಮರೆತದ್ದು ನನ್ನ ತಪ್ಪು, ಗೆದ್ದಲು ತಿಂದವು. ಗೆದ್ದಲಿನ ಮೇಲೆ ನನ್ನ ದೂರಿಲ್ಲ. ಅವು ನನ್ನನ್ನು ವೇದಿಕೆಗೆ ಕರೆಯಲಿಲ್ಲ.

ಇಲ್ಲಿ ಬೀಗದ ವಿಷಯ ಹೇಳಬೇಕು. ಆ ಕಾಲದಲ್ಲಿ ಕನ್ನಡ ಬೆರಳಚ್ಚಿನ ತಂತ್ರಾಂಶದ ಜೊತೆ ಬೆಂಕಿಪೊಟ್ಟಣದಷ್ಟು ಗಾತ್ರದ ಬೂದುಬಣ್ಣದ ತುಂಡೊಂದನ್ನು ಕೊಡುತ್ತಿದ್ದರು. ಕಂಪ್ಯೂಟರಿನ ಹಿಂದೆ, ಪ್ರಿಂಟರಿನ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಕಳ್ಳ ಪ್ರತಿಯನ್ನು ತಡೆಯುವುದಕ್ಕಾಗಿ ಮಾಡಿದ ಏರ್ಪಾಡು. ನಾವು ಅದನ್ನು ಬೀಗವೆಂದೇ ಕರೆಯುತ್ತಿದ್ದೆವು. ನನ್ನ ಕಡತಗಳನ್ನು ಓದಬಲ್ಲದ್ದು ಆ ತಂತ್ರಾಂಶವೊಂದೇ. ಅದು ನಡೆಯುವುದು ಆ ಕಾಲದ ಆಪರೇಟಿಂಗ್ ಸಿಸ್ಟಮಿನ ಮೇಲೆ ಮಾತ್ರ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆದ್ದರಿಂದಲೇ ಆ ಹಳೆಯ ಯಂತ್ರವನ್ನು ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಚಾಲೂ ಮಾಡಿ, ಕಾಪಾಡಿಕೊಂಡು ಬಂದಿದ್ದೆ.

ದಸರೆಗೆ ಹತ್ತು ದಿನವಿರುವಾಗ, ಪಾಂಡವಪುರದಲ್ಲಿ ನವೆಂಬರಿನ ಸಮಾರಂಭಕ್ಕೆಂದು ಸ್ಮರಣ ಸಂಚಿಕೆ ತರಲಿದ್ದ ಸಮಿತಿಯ ಅಧ್ಯಕ್ಷರೂ ಕಾರ್ಯದರ್ಶಿಯೂ ಮನೆಗೆ ಬಂದರು. ನನ್ನ ಹೆಸರುಗಳ ಪಟ್ಟಿಯನ್ನು ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಾಗಿ ಹೇಳಿದರು. ಶ್ರೀರಂಗಪಟ್ಟಣ ತಾಲ್ಲೂಕಿನ ಭಾಗ ಹಿಂದೆಯೇ ಕಾಗದಕ್ಕೆ ಇಳಿದಿತ್ತು, ಅದನ್ನು ಕೊಟ್ಟೆ. ಆಮೇಲೆ ನನ್ನ ಪ್ರಿಂಟರಿಗೆ ರಿಬ್ಬನ್ ಸಿಗದಂತಾಯಿತು. ಉಳಿದ ಮೂರು ತಾಲ್ಲೂಕುಗಳದ್ದು ಯಂತ್ರದೊಳಗೇ ಇತ್ತು. "ಯಂತ್ರಾನೇ ಕೊಡಿ ಸಾ, ನಮ್ಮವ್ರು ಪ್ರಿಂಟ್ ತೆಗೀತಾರೆ," ಎಂದರು ಅಧ್ಯಕ್ಷರು.

ಕಾರ್ಯದರ್ಶಿ ಬಟ್ಟೆ ಎತ್ತಿ ನೋಡಿ, "ಇದು ಇನ್ನೂ ಓಡ್ತದಾ ಸಾ? ಇಲ್ಲ ಹಿಂದ್ಲಿಂದ ತಳ್ಬೇಕಾ?" ಎಂದ.

"ಸುಮ್ಕಿರ್ಲಾ," ಎಂದು ಅಧ್ಯಕ್ಷರು ಗದರಿದರು. ಆದರೆ ನಗುತ್ತ ಗದರಿದರು. ಆ ನಗೆಯನ್ನೂ ನಾನು ಮರೆತಿಲ್ಲ.

ಒಂದು ಚೀಟಿಯಲ್ಲಿ ನಾಲ್ಕು ಷರತ್ತು ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿದೆ. ಮುಚ್ಚಳ ತೆರೆಯಕೂಡದು. ಹಿಂದಿನ ಬೀಗವನ್ನು ಕೀಳಕೂಡದು. ಏನನ್ನೂ ಹೊಸದಾಗಿ ಹಾಕಕೂಡದು. ಸಂಶಯ ಬಂದರೆ ನನಗೆ ಫೋನು ಮಾಡತಕ್ಕದ್ದು. ಇಬ್ಬರೂ ಓದಿ, ತಲೆಯಾಡಿಸಿ, ಎತ್ತಿಕೊಂಡು ಹೋದರು.

ನವೆಂಬರಿನ ಸಮಾರಂಭದಲ್ಲಿ ಯಂತ್ರ ವೇದಿಕೆಯ ಮೇಲಿತ್ತು, ಬಣ್ಣದ ಕಾಗದ ಸುತ್ತಿಕೊಂಡು. ನನ್ನನ್ನು ಕರೆದು, ಶಾಲು ಹೊದಿಸಿ, ಕಾರ್ಯದರ್ಶಿ ಮೈಕಿನಲ್ಲೇ, "ಸರ್‌ಪ್ರೈಸು ಸಾ! ನಿಮ್ ಕಂಪ್ಯೂಟ್ರು ಕೆಟ್ಟೋಗಿತ್ತು. ಹೊಸಾ ಓಎಸ್ಸು ಹಾಕ್ಸ್‌ಬುಟ್ಟಿದೀವಿ!" ಎಂದ. ಚಪ್ಪಾಳೆ ಬಿತ್ತು. ಕೈಗಿತ್ತ ಸಂಚಿಕೆಯನ್ನು ಕುಳಿತಲ್ಲೇ ತಿರುವಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಹೆಸರುಗಳು ಒಂದು ಪುಟದಲ್ಲಿದ್ದವು. ಕೆಳಗೆ, "ಸಂಗ್ರಹ: ಸಮಿತಿ". ಸಂಚಿಕೆಯನ್ನು ಮುಚ್ಚಿದೆ. ಆಮೇಲೆ ಬಹಳ ದಿನ ಅದನ್ನು ಮುಟ್ಟಲಿಲ್ಲ. ಆ ಸಿಟ್ಟು ನನಗೆ ಎಷ್ಟು ದುಬಾರಿಯಾಯಿತೆಂಬುದು ಮುಂದೆ ತಿಳಿಯುತ್ತದೆ.

ಮನೆಯಲ್ಲಿ ಕಾಗದ ಬಿಚ್ಚಿದಾಗ ನನ್ನ ಷರತ್ತಿನ ಚೀಟಿಯ ನಟ್ಟನಡುವೆ ಕುಂಕುಮದ ಬೊಟ್ಟಿತ್ತು. ಬೆನ್ನಿನ ಕಿಂಡಿಯಲ್ಲಿ ಬೀಗ ಇರಲಿಲ್ಲ. ಸ್ವಿಚ್ಚು ಹಾಕಿದರೆ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಶ್ರೀರಂಗಪಟ್ಟಣದ ರಿಪೇರಿ ಅಂಗಡಿಯವನೊಬ್ಬ ಈ ಕೆಲಸ ಮಾಡಿದ್ದೆಂದು ವಿಚಾರಿಸಿ ತಿಳಿದು, ಮರುದಿನವೇ ಬಸ್ಸು ಹತ್ತಿದೆ.

"ನನ್ ಮೇಲೆ ಯಾಕ್ ಸಾ ರೇಗ್ತೀರಿ? ಕನ್ನಡದ ಪ್ರೋಗ್ರಾಮು ಓಪನ್ನೇ ಆಗ್ತಿಲ್ಲ, ಒರೆಸಿ ಹೊಸದು ಹಾಕು ಅಂದ್ರು. ಹಾಕ್ದೆ. ನಿಮ್ ಮುದುಕ್ ಮಿಷನ್ನಿಗೆ ಅದು ಜೀರ್ಣ ಆಗ್ಲಿಲ್ಲ, ಅರ್ಧಕ್ಕೆ ನಿಂತೋಯ್ತು. ಫಂಕ್ಷನ್ನಿಗೆ ಟೈಮಾಯ್ತು, ಅಂಗೇ ಕೊಡು ಅಂತ ಎತ್ಕೊಂಡ್ ಓದ್ರು," ಎಂದ ಅವನು. "ಡಿ ಡ್ರೈವು ಮಾತ್ರ ಮುಟ್ಟಿಲ್ಲ. ಅದು ಸತ್ಯ."

"ಹಿಂದಿನ ಬೀಗ?"

"ನನ್ ತಾವ ಬಂದಾಗ್ಲೇ ಹಿಂದೆ ಏನೂ ಇರ್ಲಿಲ್ಲ ಸಾ."

ನನ್ನ ಡಿಸ್ಕು ಎರಡು ಭಾಗವಾಗಿತ್ತು. ಸಿ ಎಂಬ ಭಾಗದಲ್ಲಿ ಆಪರೇಟಿಂಗ್ ಸಿಸ್ಟಂ. ಡಿ ಎಂಬ ಭಾಗದಲ್ಲಿ ಕಡತಗಳು. ಅಂಗಡಿಯವನ ಮಾತು ನಿಜವಾದರೆ ಹೆಸರುಗಳು ಇನ್ನೂ ಇದ್ದವು. ಸಿ ಭಾಗದಲ್ಲಿ ಹಳೆಯ ಸಿಸ್ಟಮನ್ನು ಮತ್ತೆ ಕೂರಿಸಬೇಕಿತ್ತು, ಡಿ ಭಾಗಕ್ಕೆ ಕೂದಲೂ ಕೊಂಕದಂತೆ.

ಕೆ.ಆರ್.ಪೇಟೆಯಲ್ಲಿ ನನ್ನ ಹಳೆಯ ಸಹೋದ್ಯೋಗಿ ಇದ್ದಾನೆ, ನಕ್ಷೆ ಬರೆಯುತ್ತಿದ್ದವನು. ಆ ಕಾಲದ ಸಿ.ಡಿ.ಯನ್ನೂ, ಯಂತ್ರವನ್ನು ಎಬ್ಬಿಸುವ ಫ್ಲಾಪಿಯನ್ನೂ ಊಟದ ಬ್ಯಾಗಿನಲ್ಲಿಟ್ಟುಕೊಂಡು ಬಂದ. ಚೀಟಿಯ ಮೇಲಿನ ಬೊಟ್ಟು ನೋಡಿ, "ಲೇ, ನಿನ್ ಷರತ್ತಿಗೇ ಮಂಗಳಾರತಿ ಎತ್ತವ್ರಲ್ಲೋ!" ಎಂದು ನಕ್ಕ. ನಾನು ನಗಲಿಲ್ಲ.

ಫ್ಲಾಪಿಯಿಂದ ಯಂತ್ರ ಎದ್ದಿತು. ಕಪ್ಪು ಪರದೆಯಲ್ಲಿ ಅಪ್ಪಣೆಗಾಗಿ ಕಾಯುತ್ತಿತ್ತು. ಕ್ರಮವೆಂದರೆ ಸಿ ಭಾಗವನ್ನು ಅಳಿಸಿ, ಬೋಳು ಮಾಡಿ, ಹೊಸದಾಗಿ ಕೂರಿಸುವುದು. ಅಳಿಸುವ ಅಪ್ಪಣೆಯನ್ನು ಬೆರಳಚ್ಚಿಸಿದೆ.

"ಹೊಡಿ ಎಂಟರು," ಎಂದ ಅವನು.

ಹೊಡೆಯಲಿಲ್ಲ. ಗಡಿಯ ಬಾಂದುಕಲ್ಲನ್ನು ಕೈಯಿಂದ ಮುಟ್ಟಿ ನೋಡದೆ ಅಲ್ಲಿಂದ ಅಳತೆ ಆರಂಭಿಸುವುದು ನನ್ನ ಸೇವೆಯಲ್ಲಿ ಒಂದು ದಿನವೂ ನಡೆದಿಲ್ಲ. ಅಪ್ಪಣೆಯನ್ನು ಅಳಿಸಿ, ಸಿ ಭಾಗದಲ್ಲಿ ಏನಿದೆ ತೋರಿಸು ಎಂದು ಕೇಳಿದೆ.

"ಇವತ್ತಿಗೂ ಬಾಂದ್ ಕಲ್ಲ್ ಸವರ್ದೆ ಸರಪಳಿ ಹಾಸಕ್ಕಿಲ್ಲ ನೀನು! ಖಾಲಿ ಇರೋದ್ರಲ್ಲಿ ಏನ್ ಉಡುಕ್ತೀಯೋ?"

ಖಾಲಿ ಇರಲಿಲ್ಲ. ಪರದೆಯ ಮೇಲೆ ಮೂರು ಕಡತಗಳು ಸಾಲಾಗಿ ಮೂಡಿದವು: ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ.

ಆದದ್ದು ಇಷ್ಟು: ಅಂಗಡಿಯವನು ಮೊದಲ ಭಾಗವನ್ನು ಹೊಸ ಸಿಸ್ಟಮಿನ ರೀತಿಯಲ್ಲಿ ಸಿದ್ಧಪಡಿಸಿದ್ದ. ಹಳೆಯ ಫ್ಲಾಪಿಗೆ ಆ ರೀತಿ ಗೊತ್ತಿಲ್ಲವಾದ್ದರಿಂದ ಆ ಭಾಗ ಅದರ ಕಣ್ಣಿಗೆ ಬೀಳಲೇ ಇಲ್ಲ. ಕಂಡ ಮೊದಲ ಭಾಗಕ್ಕೆ, ಅಂದರೆ ನನ್ನ ಕಡತಗಳ ಭಾಗಕ್ಕೆ, ಅದು ಸಿ ಎಂದು ಹೆಸರಿಟ್ಟಿತ್ತು. ಎಂಟರ್ ಒತ್ತಿದ್ದರೆ ಮೂರು ತಾಲ್ಲೂಕುಗಳ ಹೆಸರುಗಳನ್ನು ನಾನೇ ನನ್ನ ಕೈಯಾರೆ ಅಳಿಸುತ್ತಿದ್ದೆ. ಸಮಿತಿಯವರು ಕೈ ತೊಳೆದುಕೊಂಡು, "ಸಾರೇ ಅಳ್ಸ್‌ಕೊಂಡ್ರು," ಎನ್ನುತ್ತಿದ್ದರು.

ಡಿಸ್ಕಿನ ಭಾಗಗಳ ಪಟ್ಟಿ ತೋರಿಸುವ ಬೇರೊಂದು ಅಪ್ಪಣೆ ಕೊಟ್ಟು, ಅಂಗಡಿಯವನು ಮಾಡಿದ್ದ ಭಾಗವನ್ನು ಅಲ್ಲಿ ಗುರುತಿಸಿ ತೆಗೆದೆವು. ಅಲ್ಲಿ ಹಳೆಯ ರೀತಿಯ ಸಿ ಮಾಡಿದೆವು. ಡಿ ತನ್ನ ಜಾಗಕ್ಕೆ ಮರಳಿತು. ಮತ್ತೆ ನೋಡಿದೆ, ಮೂರು ಕಡತಗಳೂ ಇದ್ದವು. ಆಮೇಲಷ್ಟೇ ಸಿಸ್ಟಂ ಕೂರಿಸಲು ಆರಂಭಿಸಿದ್ದು. ಅದು ಒಮ್ಮೆ ಕಾಲು ಭಾಗಕ್ಕೆ ನಿಂತಿತು, ಒಮ್ಮೆ ಮುಕ್ಕಾಲಿಗೆ, ಮತ್ತೊಮ್ಮೆ ಆರಂಭದಲ್ಲೇ. ಪ್ರತಿಸಲವೂ ಬೇರೆ ಬೇರೆ ಕಡತ ಓದಲಾಗುತ್ತಿಲ್ಲವೆಂಬ ಸಂದೇಶ. ನಿಂತ ಜಾಗವನ್ನು ಪ್ರತಿಸಲ ಬರೆದುಕೊಂಡೆ. ಸಿ.ಡಿ. ಗೀಚಿಹೋಗಿದ್ದರೆ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ದೋಷ ಯಂತ್ರದ ಒಳಗಿದೆ ಎಂದು ತೀರ್ಮಾನಿಸಿ ಮುಚ್ಚಳ ತೆರೆದೆ.

ಒಳಗೂ ಪೂಜೆಯಾಗಿತ್ತು. ನಮ್ಮ ಕಡೆ ಆಯುಧಪೂಜೆಯ ದಿನ ಟ್ರಾಕ್ಟರಿನ ಬಾನೆಟ್ ಎತ್ತಿ ಇಂಜಿನ್ನಿಗೂ ಬೊಟ್ಟಿಡುವ ರೂಢಿ. ನನ್ನ ಯಂತ್ರದ ಮುಚ್ಚಳವನ್ನೂ ಹಾಗೆಯೇ ಎತ್ತಿ, ಒಳಗೆ ಅರಿಶಿನ ಕುಂಕುಮ ಹಚ್ಚಿ, ತೀರ್ಥ ಚಿಮುಕಿಸಿದ್ದರು. ಫ್ಯಾನಿಗೆ ಸೇವಂತಿಗೆಯ ಎಸಳು ಸಿಕ್ಕಿಕೊಂಡಿತ್ತು. ಮೆಮೊರಿ ಪಟ್ಟಿಗಳನ್ನು ಕೂರಿಸುವ ಸಂದಿನಲ್ಲಿ ಕುಂಕುಮ ಒಣಗಿ ಕರೆಗಟ್ಟಿತ್ತು.

"ಭಕ್ತಿ ಜಾಸ್ತಿ ಆಗ್ಬುಟ್ಟಿದೆ ಕಣ್ಲಾ ಇದಕ್ಕೆ," ಎಂದ ಸ್ನೇಹಿತ. ಪಟ್ಟಿಗಳನ್ನು ಕಿತ್ತು ಅವುಗಳ ಹಲ್ಲನ್ನು ರಬ್ಬರಿನಿಂದ ಉಜ್ಜಿದೆವು. ಸಂದನ್ನು ಅವನು ನಕ್ಷೆಯ ಕುಂಚದಿಂದ ಗುಡಿಸಿದ. ಅದಾದ ಮೇಲೆ ಸಿಸ್ಟಂ ಒಂದೇ ಓಟಕ್ಕೆ ಕೂತಿತು. ನನ್ನ ಬಳಿಯಿದ್ದ ಸಿ.ಡಿ.ಯಿಂದ ಕನ್ನಡದ ತಂತ್ರಾಂಶವನ್ನೂ ಹಾಕಿದೆ. ತೆರೆದೆ. "ಬೀಗ ಕಾಣಿಸುತ್ತಿಲ್ಲ" ಎಂದು ಹೇಳಿ ಮುಚ್ಚಿಕೊಂಡಿತು. ಬೇರೆ ತಂತ್ರಾಂಶದಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ. ಸ್ನೇಹಿತ ಆ ಕಸವನ್ನು ಕನ್ನಡಕ್ಕೆ ತಿರುಗಿಸಲು ತನ್ನ ಮನೆಯ ಹೊಸ ಕಂಪ್ಯೂಟರಿನಲ್ಲಿ ಹದಿನೈದು ದಿನ ಹೆಣಗಿ, ಕೈಚೆಲ್ಲಿದ.

ಕಾರ್ಯದರ್ಶಿಗೆ ಫೋನು ಮಾಡಿದೆ. "ಯಾವ್ ಬೀಗ ಸಾ? ನಾವ್ ಯಾವ್ ಬೀಗಾನೂ ನೋಡ್ಲೇ ಇಲ್ವಲ್ಲ," ಎಂದ.

ಆ ಸಂಜೆ, ಸಮಾರಂಭದ ನಂತರ ಮೊದಲ ಬಾರಿಗೆ, ಸಂಚಿಕೆಯನ್ನು ಕೈಗೆತ್ತಿಕೊಂಡು ಪುಟಪುಟವಾಗಿ ನೋಡಿದೆ. ಕೊನೆಯ ಬಣ್ಣದ ಪುಟದಲ್ಲಿ ಸಮಿತಿಯ ಕಚೇರಿಯ ಆಯುಧಪೂಜೆಯ ಚಿತ್ರವಿತ್ತು. ಮೇಜಿನ ಮೇಲೆ ನನ್ನ ಯಂತ್ರ, ಬಾಯಿ ತೆರೆದುಕೊಂಡು, ಹಾರ ಹಾಕಿಸಿಕೊಂಡು. ಸುತ್ತ ಕೈ ಮುಗಿದ ಏಳು ಮಂದಿ. ಮುಂದೆ ಹಿತ್ತಾಳೆಯ ತಟ್ಟೆ; ಅದರಲ್ಲಿ ಸ್ಕ್ರೂಡ್ರೈವರು, ಕತ್ತರಿ, ಮೂರು ನಿಂಬೆಹಣ್ಣು. ಭೂತಗನ್ನಡಿ ಹಿಡಿದೆ. ನಿಂಬೆಹಣ್ಣುಗಳ ನಡುವೆ ಬೂದುಬಣ್ಣದ ನನ್ನ ಬೀಗ, ಹಣೆಗೆ ಬೊಟ್ಟಿಟ್ಟುಕೊಂಡು. ಅದೂ ಒಂದು ಆಯುಧವೆಂದು ಯಾರೋ ಕಿತ್ತು ಪೂಜೆಗಿಟ್ಟಿದ್ದರು. ಕಿತ್ತದ್ದರಿಂದ ತಂತ್ರಾಂಶ ತೆರೆಯಲಿಲ್ಲ, ತೆರೆಯದ್ದರಿಂದ ಯಂತ್ರ ಕೆಟ್ಟಿತೆಂದರು, ಕೆಟ್ಟಿತೆಂದು ಒರೆಸಿದರು. ಸಮಾರಂಭದ ದಿನವೇ ಸಿಟ್ಟು ಮಾಡದೆ ಈ ಪುಟದವರೆಗೆ ತಿರುವಿದ್ದರೆ, ಅವರ ನೆನಪು ಮಾಸುವ ಮೊದಲೇ ಬೀಗವೆಲ್ಲಿ ಎಂದು ಕೇಳಬಹುದಿತ್ತು.

ಸಂಚಿಕೆಯನ್ನೂ ಭೂತಗನ್ನಡಿಯನ್ನೂ ಹಿಡಿದು ಕಚೇರಿಗೆ ಹೋದೆ. ಅಧ್ಯಕ್ಷರು ಚಿತ್ರ ನೋಡಿದರು. "ಇದಾ? ಇದೇನೋ ಪ್ಲಗ್ಗು ಅಂದ್ಕೊಂಡ್ವಿ. ಓಗ್ಲಿ ಬುಡಿ ಸಾ, ಹೊಸಾ ಲ್ಯಾಪ್‌ಟಾಪೇ ಕೊಡುಸ್ತೀವಿ."

"ಲ್ಯಾಪ್‌ಟಾಪು ಬೇಡ. ಈ ತಟ್ಟೆ ಆಮೇಲೆ ಎಲ್ಲಿ ಹೋಯಿತು?"

ಕಾರ್ಯದರ್ಶಿ ಕಿಟಕಿಯ ಕಡೆ ನೋಡಿದ. "ಕತ್ರಿ ಗಿತ್ರಿ ಇಲ್ಲೇ ಅವೆ ಸಾ. ಹೂವು, ನಿಂಬೆಹಣ್ಣು... ನಿರ್ಮಾಲ್ಯ ನಾಲೆಗೆ ಬುಡ್ತೀವಲ್ಲ, ಅದ್ರ ಜೊತೆ ಓಗಿರ್ಬೋದು."

"ಬಿಟ್ಟವರು ಯಾರು?"

"ಯಾರೋ ಸಾ. ಅದ್ನೆಲ್ಲ ಯಾರ್ ಗೆಪ್ತಿ ಇಟ್ಕೋತಾರೆ?"

ನಾನು ನೆನಪಿಟ್ಟುಕೊಳ್ಳುತ್ತೇನೆ. ಯಂತ್ರ ಈಗ ಸರಿಯಾಗಿದೆ, ಹೆಸರುಗಳು ಅದರೊಳಗೆ ಸುರಕ್ಷಿತವಾಗಿವೆ, ಓದಲಾಗುವುದಿಲ್ಲ. ಮೊಲ ತಪ್ಪಿದ ತಾಕು ನನ್ನ ನೆನಪಿನಲ್ಲಿ ಉಳಿದಿದೆ. ಅದರ ಪಕ್ಕದ ಹೊಲದ ಹೆಸರು ಹೋಗಿದೆ. ಕಳೆದ ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ, ನಿರ್ಮಾಲ್ಯ ಬಿಡುವ ಸೋಪಾನದಿಂದ ಸೇತುವೆಯವರೆಗೆ ಕೋಲು ಹಿಡಿದು ಕೆಸರು ಕೆದಕಿ ನೋಡಿದೆ. ತೆಂಗಿನಕಾಯಿಯ ಚಿಪ್ಪು ಸಿಕ್ಕಿತು, ದೇವರ ಪಟಗಳ ಚೌಕಟ್ಟು ಸಿಕ್ಕಿತು, ಬೀಗ ಸಿಗಲಿಲ್ಲ. ಆದ್ದರಿಂದ ಅದು ನಾಲೆಗೆ ಹೋಗಿಲ್ಲದೆಯೂ ಇರಬಹುದು. ಚಿತ್ರದಲ್ಲಿ ಕೈ ಮುಗಿದು ನಿಂತ ನಿಮ್ಮಲ್ಲೊಬ್ಬರ ಮನೆಯ ಮೇಜಿನ ಖಾನೆಯಲ್ಲಿ, ಹಳೆಯ ಬೀಗದ ಕೈಗಳ ನಡುವೆ, ಇನ್ನೂ ಕುಂಕುಮ ಹಚ್ಚಿಕೊಂಡೇ ಬಿದ್ದಿರಬಹುದು. ಚಿತ್ರದಲ್ಲಿ ನೀವು ಏಳು ಮಂದಿ ಇದ್ದೀರಿ, ಏಳು ಮುಖಗಳೂ ಸ್ಪಷ್ಟವಾಗಿವೆ, ಹದಿನಾಲ್ಕು ಕೈಗಳೂ ಎಣಿಕೆಗೆ ಸಿಗುತ್ತವೆ. ಮಂಗಳಾರತಿ ಮುಗಿದ ಮೇಲೆ ಆ ತಟ್ಟೆಯನ್ನು ಎತ್ತಿದ ಎರಡು ಕೈಗಳು ನಿಮ್ಮಲ್ಲಿ ಯಾರವು?