ಅಡುಗೆಮನೆಯ ಹಸಿರು ದೀಪ

ಭಾವ, ಅಂದರೆ ನನ್ನ ಗಂಡನ ಅಣ್ಣ, ಮಾತಾಡುವ ಸ್ಪೀಕರನ್ನು ಮನೆಗೆ ತಂದಾಗ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹಾಡು ಹಾಕು ಎಂದರೆ ಹಾಕುತ್ತಿತ್ತು, ಹೆಸರು ಹೇಳಿದರೆ ಅವರಿಗೆ ಫೋನನ್ನೂ ಹಚ್ಚುತ್ತಿತ್ತು. ತಮ್ಮ ಅವ್ವ ಕೆಲಸ ಮಾಡುತ್ತ ವಚನ ಕೇಳಲಿ ಎಂದು ಅದನ್ನು ಅಡುಗೆಮನೆಯ ಗೋಡೆಗೂಡಿನಲ್ಲಿ ಇಟ್ಟರು. ಅತ್ತೆ ಮೊದಲ ದಿನವೇ ಅದಕ್ಕೆ ವಿಭೂತಿ ಹಚ್ಚಿದರು. ಅದರ ಮೇಲೆ ಆಗಾಗ ಹಸಿರು ದೀಪವೊಂದು ಹತ್ತುತ್ತಿತ್ತು. ಅತ್ತೆ ಅದಕ್ಕೂ ಕೈ ಮುಗಿಯುತ್ತಿದ್ದರು. ಬಿ.ಎಡ್. ಮಾಡಿದ ನಾನು ಕರೆಂಟು ಬಂದದ್ದಕ್ಕೆ ಹತ್ತುತ್ತದೆ ಎಂದುಕೊಂಡಿದ್ದೆ.

ನಮ್ಮಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಗಂಡಸರು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಒಬ್ಬಳು ಬಡಿಯುತ್ತ, ಒಬ್ಬಳು ಬೇಯಿಸುತ್ತ ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳುತ್ತೇವೆ. ಹಾಗೆಯೇ ನನ್ನ ನೆಗೆಣ್ಣಿಗೆ, ಭಾವನ ಹೆಂಡತಿಗೆ, ಹೇಳಿದ್ದೆ: ಮುದ್ದೇಬಿಹಾಳದ ಶಾಲೆಯೊಂದರಿಂದ ಶಿಕ್ಷಕಿ ಕೆಲಸಕ್ಕೆ ಕರೆ ಬಂದಿದೆ, ತವರಿಗೆಂದು ಹೇಳಿ ಹೋಗಿಬರುತ್ತೇನೆ. ಆ ಕೆಲಸಕ್ಕಾಗಿ ಮದುವೆಯಾದಾಗಿನಿಂದ ಕಾದಿದ್ದೆ. ಮನೆಯ ಸೊಸೆ ಹೊರಗೆ ದುಡಿಯುವುದು ಭಾವನಿಗೆ ಬೇಡ. ನಮ್ಮ ಮನೆಯವರು ಅಣ್ಣನ ಮಾತು ಮೀರುವವರಲ್ಲ.

ಆ ದಿನ ಬಸ್ ನಿಲ್ದಾಣದಲ್ಲಿ ಭಾವ ನನಗಿಂತ ಮೊದಲೇ ನಿಂತಿದ್ದರು. ಜನರೆದುರು ನನ್ನ ಕೈಯಿಂದ ಸರ್ಟಿಫಿಕೇಟಿನ ಚೀಲ ಕಿತ್ತುಕೊಂಡು, ತವರಿಗೆ ಹೋಗುವವಳಿಗೆ ಇದೇಕೆ ಎಂದು ಕೇಳಿದರು. ಅವರು ಬೈಕಿನಲ್ಲಿ ನಿಧಾನಕ್ಕೆ ಮುಂದೆ, ನಾನು ನಡೆದುಕೊಂಡು ಹಿಂದೆ, ಪೇಟೆಯುದ್ದಕ್ಕೂ ಹಾಗೇ ಬಂದೆವು.

ನೆಗೆಣ್ಣಿಯೇ ಬಾಯಿ ಬಿಟ್ಟಿದ್ದಾಳೆ ಎಂದು ನಂಬಿ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟೆ. ಅವಳು ಮಕ್ಕಳ ಮೇಲೆ ಆಣೆ ಮಾಡಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಭಾವನ ಗೊಬ್ಬರದ ಅಂಗಡಿಗೆ ಬುತ್ತಿ ಒಯ್ದೆ. ಅವರು ನನಗೆ ಬೆನ್ನು ಮಾಡಿ ಕುಳಿತಿದ್ದರು. ಮುಂದಿದ್ದ ಫೋನಿನಿಂದ ನಮ್ಮ ಕುಕ್ಕರಿನ ಸೀಟಿ, ಹಿಂದೆಯೇ ಮೊಣಕಾಲು ನೋವೆಂದು ನರಳುವ ಅತ್ತೆಯ ದನಿ ಕೇಳಿಸಿತು. ಸದ್ದಿಲ್ಲದೆ ಬುತ್ತಿ ಇಟ್ಟು ಮನೆಗೆ ಓಡಿ ಬಂದು ನೋಡಿದರೆ ಹಸಿರು ದೀಪ ಹತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಭಾವನೇ ಕಿವಿ ತಂದಿಟ್ಟಿದ್ದರು. ಮೈಯೆಲ್ಲ ಉರಿಯಿತು. ನೆಗೆಣ್ಣಿಯನ್ನು ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿ, ಅವಳ ಕಾಲು ಹಿಡಿದೆ. ಅವಳು ಅಳಲಿಲ್ಲ. ಇದನ್ನು ಹೀಗೇ ಬಿಡಬಾರದು ಎಂದಷ್ಟೇ ಹೇಳಿದಳು.

ಮುದ್ದೇಬಿಹಾಳದವರು ಸೋಮವಾರ ಬರಲು ಮತ್ತೆ ಕರೆದರು. ನಾವಿಬ್ಬರೂ ಹಸಿರು ದೀಪ ಹತ್ತುವವರೆಗೆ ಕಾದೆವು.

“ಯಕ್ಕಾ, ಸೋಮವಾರ ಸಿಂದಗಿ ಸಾಲ್ಯಾಗ ಇಂಟರ್‌ವ್ಯೂ ಐತಿ. ತವರಮನಿಗಿ ಹೋಗಿ ಅಲ್ಲಿಂದ ಹೋಗ್ತೇನಿ. ಯಾರ ಮುಂದೂ ಅನಬ್ಯಾಡ,” ಎಂದೆ, ರೊಟ್ಟಿ ಬಡಿಯುತ್ತ.

ಭಾನುವಾರ ನಾನು ಗೊಳಸಂಗಿಯ ತವರಿಗೆ ಹೊರಟಾಗ ಭಾವ ತಡೆಯಲಿಲ್ಲ. ಜನರೆದುರು ಇನ್ನೊಮ್ಮೆ ಹಿಡಿಯುವ ಆಸೆ ಅವರಿಗೆ. ಸೋಮವಾರ ಅಂಗಡಿ ಮುಚ್ಚಿಕೊಂಡು ಹೋಗಿ, ಸಿಂದಗಿ ಬಸ್ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾದರಂತೆ. ಅಷ್ಟು ಹೊತ್ತಿಗೆ ನಾನು ಮುದ್ದೇಬಿಹಾಳದಲ್ಲಿ ಮಕ್ಕಳಿಗೆ ಪಾಠ ಮಾಡಿ ತೋರಿಸಿ, ಕೆಲಸ ಗಿಟ್ಟಿಸಿಕೊಂಡಿದ್ದೆ. ಅಷ್ಟಕ್ಕೇ ನನ್ನ ಸಿಟ್ಟು ತಣಿಯಲಿಲ್ಲ.

ಮರುದಿನ ಸಂಜೆ ಮನೆಯವರೆಲ್ಲ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಆ ಮಾತಾಡುವ ಡಬ್ಬಿಯೆದುರು ನಿಂತೆ. ನಮ್ಮ ಕಡೆ ಸೊಸೆಯಾದವಳು ಭಾವನ ಹೆಸರು ಎತ್ತುವಂತಿಲ್ಲ. ನಾನು ಆ ಹೆಸರನ್ನು ಪಡಸಾಲೆಗೆ ಕೇಳುವಂತೆ ಕೂಗಿ, ಫೋನ್ ಹಚ್ಚಲು ಡಬ್ಬಿಗೆ ಹೇಳಿದೆ. ಪಡಸಾಲೆಯಲ್ಲಿ ಭಾವನ ಫೋನ್ ರಿಂಗಾಯಿತು. ಅವರು ಕೈ ಚಾಚುವ ಮೊದಲೇ ನೆಗೆಣ್ಣಿ ಅದನ್ನೆತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಭಾವಾರ, ನಾವು ಅಡಗಿಮನ್ಯಾಗ ಮಾತಾಡೂದು ಅಂಗಡ್ಯಾಗ ಕುಂತು ಕೇಳ್ತಿದ್ರಲ್ರಿ, ಇದನ್ನೂ ಕೇಳ್ರಿ. ಮುದ್ದೇಬಿಹಾಳದಾಗ ನನಗ ನೌಕರಿ ಸಿಕ್ಕೈತಿ.”

ಹೆಸರೆತ್ತಿದ್ದಕ್ಕೆ ಯಾರೂ ನನ್ನನ್ನು ಬೈಯಲಿಲ್ಲ. ನಾನು ಪಡಸಾಲೆಯ ಬಾಗಿಲಿಗೆ ಬಂದಾಗ ಅತ್ತೆ ಚಹಾ ಕೆಳಗಿಟ್ಟು ಮಗನನ್ನೇ ನೋಡುತ್ತಿದ್ದರು.

“ನಾ ಆಡಿದ್ದೂ ಕೇಳೀಯೇನ?” ಎಂದರು.

ಭಾವ ತಲೆ ಎತ್ತಲಿಲ್ಲ. ನಾನು ಅದನ್ನು ಕಣ್ತುಂಬ ನೋಡಿದೆ.