ನೊಕ್‌ಳ ಅಮ್ಮನ ಸೈ ಊವಾ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫುನಾಬೊರಿ ನಿಲ್ದಾಣದಿಂದ ಹೊರಟೆವು: ನಾನು, ಒಂಬತ್ತು ವರ್ಷದ ಮಗಳು ಅನಘಾ, ಕೆಳಗಿನ ಮನೆಯ ನೊಕ್, ಅವಳ ಮೂರು ತಿಂಗಳ ಕೂಸು. ನನ್ನ ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಅದರೊಳಗೆ ಸುರುಳಿ ಸುತ್ತಿದ ಎರಡು ಕಿಲೋ ಹಸಿ ಸಾಸೇಜ್. ಹೋಗಬೇಕಿದ್ದದ್ದು ನರಿತಾ ಪಟ್ಟಣದಾಚೆಯ ಥಾಯ್ ಬೌದ್ಧ ಮಂದಿರಕ್ಕೆ.

ನೊಕ್ ಉತ್ತರ ಥಾಯ್ಲೆಂಡಿನ ಬೆಟ್ಟದ ಕಡೆಯವಳು, ಜಪಾನೀಯನನ್ನು ಮದುವೆಯಾಗಿ ಬಂದವಳು. ಅವಳಿಗೆ ಹೆರಿಗೆಯಾದ ನಾಲ್ಕನೇ ದಿನ ಊರಿನಲ್ಲಿ ತಾಯಿ ತೀರಿಕೊಂಡರು. ಹೋಗಲಾಗಲಿಲ್ಲ. ನೂರನೇ ದಿನ ಭಿಕ್ಷುಗಳಿಗೆ ಊಟ ಕೊಟ್ಟು, ಆ ಪುಣ್ಯವನ್ನು ಸತ್ತವರಿಗೆ ಧಾರೆ ಎರೆಯುವುದು ಅವರ ಕ್ರಮ.

ಆ ಊಟದಲ್ಲಿ ಸೈ ಊವಾ ಇರಲೇಬೇಕೆಂದು ನೊಕ್ ಹಟ ಹಿಡಿದಳು. ಕೊಚ್ಚಿದ ಹಂದಿಮಾಂಸಕ್ಕೆ ಮಜ್ಜಿಗೆ ಹುಲ್ಲು, ಅರಿಸಿನ, ಒಣಮೆಣಸು, ನಿಂಬೆ ಜಾತಿಯ ಎಲೆ ಅರೆದು ಕಲಸಿ, ಕರುಳಿಗೆ ತುಂಬಿ, ಕೆಂಡದ ಮೇಲೆ ಸುಡುವ ಸಾಸೇಜ್ ಅದು. ಅವರ ಕಡೆ ಗೃಹಪ್ರವೇಶಕ್ಕೂ ಬೇಕು, ಹೊಸ ವರ್ಷಕ್ಕೂ ಬೇಕು, ಸತ್ತವರ ದಿನಕ್ಕೂ ಬೇಕು. ಊರಿನಿಂದ ತರಿಸೋಣವೆಂದರೆ ಜಪಾನಿನೊಳಗೆ ಹಂದಿಮಾಂಸ ಬಿಡುವುದಿಲ್ಲ. ನೊಕ್ ಎಂದೂ ಮಾಡಿದವಳಲ್ಲ, ತಾಯಿ ಮಾಡುವುದನ್ನು ನೋಡಿದ್ದಳು ಅಷ್ಟೆ.

ಶನಿವಾರ ನಮ್ಮ ಮಿಕ್ಸಿಯಲ್ಲಿ ಮಸಾಲೆ ಅರೆದಾಗ ಮೂಸಿ ನೋಡಿ ತಲೆಯಾಡಿಸಿದಳು. ನಮ್ಮಿಬ್ಬರ ಮಾತು ಹರಕುಮುರುಕು ಜಪಾನಿಯಲ್ಲಿ.

"ಲತಾ-ಸಾನ್, ಏನೋ ಕಡಿಮೆ. ಒಂದು ಕಪ್ಪು ಕಾಯಿ ಹಾಕ್ತಾರೆ, ಮಕ್ವೆನ್ ಅಂತ. ನಾಲಿಗೆ ಜುಂ ಅನ್ನುತ್ತೆ. ಇಲ್ಲೆಲ್ಲಿ ಸಿಗುತ್ತೆ?"

ನನ್ನ ತವರು ಕುಮಟಾ. ಬಂಗುಡೆ ಸಾರಿಗೆಂದು ಅಮ್ಮ ಕಳಿಸಿದ್ದ ಜುಮ್ಮನಕಾಯಿಯ ಡಬ್ಬಿ ತೆರೆದು ಅವಳ ಮುಂದೆ ಹಿಡಿದೆ. ನೊಕ್ ಒಂದು ಸಿಪ್ಪೆ ಕಚ್ಚಿದಳು. "ಇದೇ!" ಎಂದು ಡಬ್ಬಿಯನ್ನು ಎದೆಗವಚಿಕೊಂಡಳು.

ಮೊತೋಯಾವಾತಾದಲ್ಲಿ ರೈಲು ಬದಲಿಸಿದೆವು. ದಾರಿಯಲ್ಲಿ ಕೂಸು ರಚ್ಚೆ ಹಿಡಿಯಿತು. ನಡುವೆ ಇಳಿದು ಹಾಲೂಡಿಸಿ ಬಟ್ಟೆ ಬದಲಿಸುವಷ್ಟರಲ್ಲಿ ಎರಡು ರೈಲು ಹೋದವು. ನರಿತಾದಲ್ಲಿ ಜಿನುಗು ಮಳೆ. ಟ್ಯಾಕ್ಸಿಗೆ ಮೂರು ಸಾವಿರ ಯೆನ್ ಚಿಲ್ಲರೆ. ಗದ್ದೆಗಳಾಚೆ ಮಂದಿರದ ಬಂಗಾರ ಬಣ್ಣದ ಸೂರು ಕಂಡಾಗ ಹತ್ತೂವರೆ. ಊಟ ಒಪ್ಪಿಸುವುದು ಹನ್ನೊಂದಕ್ಕೆ. ಮಧ್ಯಾಹ್ನ ದಾಟಿದರೆ ಭಿಕ್ಷುಗಳು ಉಣ್ಣುವುದಿಲ್ಲ.

ಹಿತ್ತಲಿನ ಸೂರಿನಡಿ ಇದ್ದಿಲು ಹೊತ್ತಿಸಲು ಹೋದರೆ ಬರೀ ಹೊಗೆ. ನೊಕ್ ಊದಿ ಊದಿ ಸೋತಳು. "ಆಗಲ್ಲ. ಅಮ್ಮನಿಗೆ ಇದೂ ತಲುಪಲ್ಲ" ಎಂದಳು.

ಪಕ್ಕದಲ್ಲಿ ಅನ್ನ ಬೇಯಿಸುತ್ತಿದ್ದ ವೃದ್ಧೆಯೊಬ್ಬರು ತಮ್ಮ ಒಲೆಯ ನಿಗಿನಿಗಿ ಕೆಂಡವನ್ನೇ ಸಲಿಕೆಯಲ್ಲಿ ತಂದು ಸುರಿದರು. ಎಲ್ಲರೂ ಅವರನ್ನು ಪಾ ಬುವಾ, ಅಂದರೆ ಬುವಾ ದೊಡ್ಡಮ್ಮ, ಎನ್ನುತ್ತಿದ್ದರು. ಅವರೇ ಸುರುಳಿಗೆ ಅಲ್ಲಲ್ಲಿ ಕಡ್ಡಿಯಿಂದ ಚುಚ್ಚಿ, ಮಗುಚಿ ಸುಟ್ಟರು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಘಮ ಎದ್ದಾಗ ಅತ್ತಿತ್ತಲಿನವರೆಲ್ಲ ತಿರುಗಿ ನೋಡಿದರು. ಒಪ್ಪಿಸುವ ಮುಂಚೆ ರುಚಿ ನೋಡಬಾರದೆಂದು ನೊಕ್ ಬಾಯಿಗಿಡಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಟ್ಟೆ ಒಳಗೆ ಹೋಯಿತು.

ಮಂತ್ರದ ನಡುವೆ ನೊಕ್ ಪುಟ್ಟ ಹೂಜಿಯಿಂದ ಬಟ್ಟಲಿಗೆ ಸಣ್ಣಗೆ ನೀರು ಎರೆದಳು. ಆಮೇಲೆ ಆ ನೀರನ್ನು ಅಂಗಳದ ಮರದ ಬುಡಕ್ಕೆ ಸುರಿದು, ಕೂಸಿಗೆ ಹಾಲೂಡಿಸಲು ಒಂದು ಮೂಲೆಯಲ್ಲಿ ಕೂತಳು.

ಭಿಕ್ಷುಗಳದ್ದು ಮುಗಿದ ಮೇಲೆ ಉಳಿದದ್ದು ಎಲ್ಲರಿಗೂ. ಪಾ ಬುವಾ ಒಂದು ತುಂಡು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು. "ಮಕ್ವೆನ್! ನಮ್ಮ ಬೆಟ್ಟದ್ದು! ಯಾರು ತಂದದ್ದು?"

ನೊಕ್ ನನ್ನತ್ತ ಕೈ ತೋರಿಸಿದಳು. "ಇವರ ಅಮ್ಮ."

ನಾವು ಮೀನು ತಿನ್ನುವವರು, ಹಂದಿ ಇಲ್ಲ. ಅನಘಾ ಮಾತ್ರ ಕೈ ನೆಕ್ಕುತ್ತಾ ಬಂದಳು. "ಅಮ್ಮಾ, ಒಯಿಶಿ, ತುಂಬಾ ರುಚಿ! ಐ ಏಟ್ ಟೂ ಪೀಸಸ್. ಅಪ್ಪಂಗೆ ಹೇಳ್ಬೇಕಾ?"

"ನಾನೇ ಹೇಳ್ತೀನಿ ಬಿಡು" ಎಂದೆ.

ಕೂಸು ಮಲಗಿ ನೊಕ್ ಎದ್ದು ಬರುವಷ್ಟರಲ್ಲಿ ತಟ್ಟೆ ಖಾಲಿ. ಒಂದು ತುಂಡು ತೆಗೆದಿಡುವುದು ನನಗೂ ಹೊಳೆದಿರಲಿಲ್ಲ. ನೊಕ್ ತಟ್ಟೆಯನ್ನೇ ನೋಡಿ ನಕ್ಕುಬಿಟ್ಟಳು.

"ಅಮ್ಮ ಸಂತೆಯಲ್ಲಿ ಮಾರ್ತಿದ್ದಳು. ನಮಗೆ ಅಂತ ಒಂದು ತುಂಡೂ ಉಳೀತಿರಲಿಲ್ಲ. ಸರಿಯಾಗೇ ಆಗಿದೆ, ಲತಾ-ಸಾನ್."

ವಾಪಸು ಟ್ಯಾಕ್ಸಿ ಹತ್ತಿದ ಮೇಲೆ ಅವಳು ಅಳತೊಡಗಿದಳು. ನೂರು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಲ್ದಾಣ ಬರುವವರೆಗೂ ಅತ್ತಳು. ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟುತ್ತಾ ಕೂತಿದ್ದೆ.